ಉಪ್ಪಿನ ಲೆಕ್ಕ

ಸೋಮವಾರ ಮೊದಲ ಪೀರಿಯಡ್ಡು, ನರ್ಸಿಂಗಿನ ಹೊಸ ಹುಡುಗಿಯರು.
ಬೋರ್ಡಿನ ಮೇಲೆ ಬರೆದೆ: ಸಮಸ್ಥಿತಿ.
ಸೀಮೆಸುಣ್ಣ ಮುರಿದು 'ತಿ' ಅರ್ಧಕ್ಕೇ ನಿಂತಿತು.
ಹೊರಗೆ ಏಪ್ರಿಲ್ಲಿನ ಶಿವಮೊಗ್ಗ,
ಬಸ್‌ಸ್ಟ್ಯಾಂಡಿನ ಟಾರು ಚಪ್ಪಲಿಗೆ ಅಂಟುವ ಹೊತ್ತು.
ಒಳಗೆ ನಲವತ್ತೆರಡು ಮೈಗಳು
ಒಂದೊಂದೂ ಮೂವತ್ತೇಳರ ಆಸುಪಾಸಿನಲ್ಲಿ,
ಹಾಜರಿ ಕೂಗದೆಯೇ ಹಾಜರು.

"ಇದನ್ನು ನೋಡಿಕೊಳ್ಳುವುದು ಮಿದುಳಿನ ಬುಡದಲ್ಲೊಂದು ಗಂಟು,
ಹಲಸಿನ ಬೀಜಕ್ಕಿಂತ ಚಿಕ್ಕದು," ಎಂದೆ.
"ಅದು ಕೇಳುವುದು ಒಂದೇ ಮಾತು:
ಹೆಚ್ಚಾಯಿತೋ, ಕಡಿಮೆಯಾಯಿತೋ?"
ಹೆಚ್ಚಾದರೆ ಚರ್ಮದಡಿಯ ಸಣ್ಣ ಕಾಲುವೆಗಳ ತೂಬು ತೆಗೆದು
ನೆತ್ತರನ್ನು ಗಾಳಿಗೆಂದು ಅಂಗಳಕ್ಕೆ ಕಳಿಸುತ್ತದೆ,
ಬೆವರನ್ನು ಕರೆಯುತ್ತದೆ.
ಕಡಿಮೆಯಾದರೆ ತೂಬು ಮುಚ್ಚಿ
ಸ್ನಾಯುಗಳನ್ನು ನಡುಗಿಸಿ ಕಾಯಿಸಿಕೊಳ್ಳುತ್ತದೆ.

ಬರೆದುಕೊಂಡರು. ಬಣ್ಣದ ಪೆನ್ನಿನಲ್ಲಿ ಅಡಿಗೆರೆ ಎಳೆದರು.
ನಾನು ಹೇಳದೆ ಬಿಟ್ಟದ್ದು:

ಇದನ್ನು ನಾನು ಕಲಿತದ್ದು ಪುಸ್ತಕಕ್ಕೂ ಮೊದಲು,
ಭದ್ರಾವತಿಯಲ್ಲಿ, ಕ್ವಾರ್ಟರ್ಸಿನ ಒಗೆಯುವ ಕಲ್ಲಿನ ಬಳಿ.
ಕುಲುಮೆಯ ಪಾಳಿ ಮುಗಿಸಿ ಬಂದ ಅಪ್ಪನ ಖಾಕಿ ಅಂಗಿ
ಬಿಚ್ಚಿಟ್ಟರೂ ಸೆಟೆದೇ ಇರುತ್ತಿತ್ತು,
ಬೆನ್ನ ಮೇಲೆ ಉಪ್ಪಿನ ಬಿಳಿ ನಕ್ಷೆ,
ಕಂಕುಳ ಬದಿಗೆ ಎರಡು ದ್ವೀಪ.
ಜೇಬಿನಲ್ಲಿ ಕಾರ್ಖಾನೆ ಕೊಟ್ಟ ಉಪ್ಪಿನ ಮಾತ್ರೆ.
"ಒಂದು ಕಡೆ ಹೋಗ್ತದೆ, ಒಂದು ಕಡೆ ಹಾಕ್ತಾರೆ,
ಲೆಕ್ಕ ಸಮ," ಎನ್ನುತ್ತ ಅಪ್ಪ
ಚೊಂಬು ಮಜ್ಜಿಗೆ ಎತ್ತುತ್ತಿದ್ದ, ಉಸಿರು ತೆಗೆಯದೆ.
ಆ ಅಂಗಿಯ ತೋಳನ್ನು ಒಮ್ಮೆ ನೆಕ್ಕಿ ನೋಡಿದ್ದೆ.
ಅವ್ವ ಬೆನ್ನಿಗೊಂದು ಕೊಟ್ಟಳು.

ಹಿಂದಿನ ಬೆಂಚಿನಿಂದ ಒಂದು ಕೈ,
ಹೊಳೆಹೊನ್ನೂರಿನ ಮುಬೀನಾ.
"ಮೇಡಂ, ಎಲ್ಲಾ ವಾಪಸ್ ಸಮಕ್ಕೇ ಬರೋದಾದ್ರೆ
ಜ್ವರ ಯಾಕೆ ಬರ್ತದೆ?"

ಒಳ್ಳೆಯ ಪ್ರಶ್ನೆ ಎಂದೆ,
ಯೋಚಿಸಲು ಹೊತ್ತು ಬೇಕಾದಾಗ ಎಲ್ಲ ಮೇಷ್ಟರೂ ಅನ್ನುವ ಹಾಗೆ.
ಜ್ವರದಲ್ಲಿ ಮೈ ಲೆಕ್ಕ ತಪ್ಪಿರುವುದಿಲ್ಲ, ಮುಬೀನಾ.
ಸಮ ಎಂಬ ಗೆರೆಯನ್ನೇ ಮೇಲೆತ್ತಿರುತ್ತದೆ.
ಮೂವತ್ತೊಂಬತ್ತೇ ಸರಿ ಎಂದು ನಂಬಿದ ಮೈಗೆ
ಮೂವತ್ತೇಳು ಚಳಿ.
ಅದಕ್ಕೇ ಕಂಬಳಿ, ಅದಕ್ಕೇ ಹಲ್ಲು ಕಟಕಟ.
ಪಾಪ, ಅದು ತನ್ನ ಕೆಲಸ
ಚೆನ್ನಾಗಿಯೇ ಮಾಡುತ್ತಿರುತ್ತದೆ.

ಹೇಳುತ್ತ ಹೇಳುತ್ತ ಅಪ್ಪ ಕಂಡ:
ಅವನ ಕುಲುಮೆ ಆರಿದ ಮೇಲಿನ ಮೊದಲ ಬೇಸಿಗೆ,
ನಡುಹಗಲಲ್ಲಿ ಸ್ವೆಟರ್ ತೊಟ್ಟು
ಕಾಂಪೌಂಡಿನ ಬಿಸಿಗೋಡೆಗೆ ಬೆನ್ನು ಕೊಟ್ಟು ಕೂತವನು.
ಥರ್ಮಾಮೀಟರ್ ಇಟ್ಟರೆ ತೊಂಬತ್ತೆಂಟು ಚಿಲ್ಲರೆ.
ಜ್ವರವಿರಲಿಲ್ಲ.
ಮೂವತ್ತೊಂದು ವರ್ಷ ಬೆಂಕಿಯೆದುರು ನಿಂತು
ಅವನೊಳಗಿನ ಯಾವುದೋ ಗೆರೆ ಮೇಲೇರಿ
ಇಳಿಯುವುದನ್ನು ಮರೆತಿತ್ತೇನೋ.
ಇದು ಶರೀರಶಾಸ್ತ್ರವಲ್ಲ. ಪರೀಕ್ಷೆಗೆ ಬರುವುದಿಲ್ಲ.

ಗಂಟೆ ಹೊಡೆಯಿತು.
ನಲ್ಲಿಯ ಮುಂದೆ ಹುಡುಗಿಯರ ನೂಕುನುಗ್ಗಲು.
ಬಾಯಾರಿಕೆಯೂ ಅದೇ ಗಂಟಿನ ಅಪ್ಪಣೆ,
ನಾಳೆಯ ಪಾಠ.

ಈಗ ಅಪ್ಪನಿಗೆ ಬಿ.ಪಿ. ಉಪ್ಪು ಬಿಡಿ ಎಂದಿದ್ದಾರೆ ಡಾಕ್ಟರು.
ಕೈತುಂಬ ಉಪ್ಪು ಕೊಟ್ಟು ದುಡಿಸಿಕೊಂಡವರ ಮೇಲಿಲ್ಲದ ಸಿಟ್ಟು
ಅವನಿಗೆ ಆ ಡಾಕ್ಟರ ಮೇಲೆ.
ರಾತ್ರಿ ಊಟಕ್ಕೆ ಕೂತರೆ
ಉಪ್ಪಿನ ಭರಣಿಯನ್ನು ಕಿರುಬೆರಳಲ್ಲಿ ಒಂದಿಂಚು ಹತ್ತಿರ ಎಳೆಯುತ್ತಾನೆ,
ಸಾರು ಬಡಿಸುವ ನೆಪದಲ್ಲಿ ಅವ್ವ ಒಂದಿಂಚು ದೂರ ಸರಿಸುತ್ತಾಳೆ.
ಮತ್ತೆ ಹತ್ತಿರ.
ಮತ್ತೆ ದೂರ.
ಟೀವಿಯಲ್ಲಿ ವಾರ್ತೆ ಓಡುತ್ತಿರುತ್ತದೆ, ಇಬ್ಬರ ಕಣ್ಣೂ ಅಲ್ಲೇ.

"ಇವತ್ತೇನು ಪಾಠ ಮಾಡ್ದೆ?"
"ಸಮಸ್ಥಿತಿ."
"ಅಂದ್ರೆ?"

ಭರಣಿ ನಡುವೆ ಎಲ್ಲೋ ಇತ್ತು, ಮುಚ್ಚಳ ಸಡಿಲ.
ಅದನ್ನೇ ನೋಡುತ್ತ
ತಟ್ಟೆಗೆ ಇನ್ನೊಂದು ಸೌಟು ಹಾಕಿಸಿಕೊಂಡೆ.

"ಸಾರು ಸಪ್ಪೆ," ಅಂದ ಅಪ್ಪ, ಯಾರಿಗೂ ಅಲ್ಲದ ಹಾಗೆ.